ವೀಟ್‌ಗೆ ಬದಲಾದ ಮೇಲೆ ಜೆಸ್ಟ್ ಟೆಸ್ಟ್‌ಗಳು ಒಂದರ ಹಿಂದೊಂದು ಎರರ್ ಕೊಡುತ್ತಿವೆ: ಎಲ್ಲಿಂದ ಸರಿಪಡಿಸಬೇಕು?

ಪ್ರಶ್ನೆ: ನಮ್ಮ ರಿಯಾಕ್ಟ್ ಪ್ರಾಜೆಕ್ಟ್ ಮೊದಲು ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿತ್ತು, ಈಗ ವೀಟ್ ಎಂಬ ಬಿಲ್ಡ್ ಸಾಧನಕ್ಕೆ ಬದಲಾಯಿಸಿದ್ದೇವೆ. ಬ್ರೌಸರ್‌ನಲ್ಲಿ ಆ್ಯಪ್ ಚೆನ್ನಾಗಿ ಓಡುತ್ತಿದೆ, ಬಿಲ್ಡ್ ಕೂಡ ಆಗುತ್ತಿದೆ. ಆದರೆ ಟೆಸ್ಟ್ ಓಡಿಸುವ ಸಾಧನ ಜೆಸ್ಟ್ 29 ಇನ್‌ಸ್ಟಾಲ್ ಮಾಡಿ ಹಳೆಯ ಟೆಸ್ಟ್‌ಗಳನ್ನು ರನ್ ಮಾಡಿದರೆ ಮೊದಲು ‘ಕೆನಾಟ್ ಯೂಸ್ ಇಂಪೋರ್ಟ್ ಸ್ಟೇಟ್‌ಮೆಂಟ್ ಔಟ್‌ಸೈಡ್ ಎ ಮಾಡ್ಯೂಲ್’ ಎಂದಿತು. ನೆಟ್‌ನಲ್ಲಿ ಸಿಕ್ಕ ಬೇಬಲ್ (ಕೋಡ್ ರೂಪ ಬದಲಿಸುವ ಸಾಧನ) ಕಾನ್ಫಿಗ್ ಹಾಕಿದೆವು. ಆಮೇಲೆ ಸಿಎಸ್ಎಸ್ ಫೈಲ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’. ಅದಾದ ಮೇಲೆ ‘ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್’. ಈಗ ಕೆಲವು ಟೆಸ್ಟ್ ಪಾಸ್ ಆಗುತ್ತಿವೆ, ಆದರೆ ಎಪಿಐ ಕರೆಯುವ ಫೈಲ್‌ಗಳಲ್ಲೆಲ್ಲ ‘ಕೆನಾಟ್ ಯೂಸ್ ಇಂಪೋರ್ಟ್.ಮೆಟಾ ಔಟ್‌ಸೈಡ್ ಎ ಮಾಡ್ಯೂಲ್’. ಕಾನ್ಫಿಗ್ ಫೈಲ್ ಬೆಳೆಯುತ್ತಲೇ ಇದೆ. ಯಾವ ಸಾಲು ಯಾಕಿದೆ ಎಂಬುದು ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಎಡವಿದ್ದೆಲ್ಲಿ?

ಉತ್ತರ: ಟೆಸ್ಟ್‌ಗಳಲ್ಲಿ ನೀವು ಎಡವಿಲ್ಲ. ಪ್ಯಾಕೇಜ್.ಜೇಸನ್‌ನಿಂದ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನ ‘ರಿಯಾಕ್ಟ್-ಸ್ಕ್ರಿಪ್ಟ್ಸ್’ ತೆಗೆದಾಗ ಅದು ತೆರೆಮರೆಯಲ್ಲಿ ಮಾಡುತ್ತಿದ್ದ ಏಳೆಂಟು ಕೆಲಸಗಳೂ ಜೊತೆಗೇ ಹೋದವು. ಒಂದೊಂದು ಎರರ್ ಆ ಪಟ್ಟಿಯ ಒಂದೊಂದು ಬಾಬ್ತು. ಎರರ್ ಬದಲಾಗುತ್ತಿದೆ ಅಂದರೆ ನೀವು ಮುಂದೆ ಹೋಗುತ್ತಿದ್ದೀರಿ ಎಂದೇ ಅರ್ಥ. ಹಾಗಾಗಿ ‘ಸರಿ ಮಾಡಿದಷ್ಟೂ ಹೊಸ ಎರರ್ ಬರುತ್ತಿದೆ’ ಎಂದು ಎಲ್ಲವನ್ನೂ ಅಳಿಸಿ ಮತ್ತೊಂದು ಕಾನ್ಫಿಗ್ ಅಂಟಿಸಬೇಡಿ.

ಹೋದದ್ದು ಏನೇನು ಎಂದು ಮೊದಲು ನೋಡೋಣ. ರಿಯಾಕ್ಟ್-ಸ್ಕ್ರಿಪ್ಟ್ಸ್ 5ರ ಒಳಗೆ ಜೆಸ್ಟ್ 27 ಇತ್ತು. ಜೆಎಸ್ಎಕ್ಸ್ ಮತ್ತು ಟೈಪ್‌ಸ್ಕ್ರಿಪ್ಟ್ ಅರ್ಥ ಮಾಡಿಕೊಳ್ಳುವ ಬೇಬಲ್ ಪ್ರಿಸೆಟ್ (ಸಿದ್ಧ ನಿಯಮಗಳ ಕಟ್ಟು) ಇತ್ತು. ಸಿಎಸ್ಎಸ್ ಫೈಲ್ ಬಂದರೆ ಖಾಲಿ ಆಬ್ಜೆಕ್ಟ್ ಕೊಡುವ ಒಂದು ಟ್ರಾನ್ಸ್‌ಫಾರ್ಮರ್, ಚಿತ್ರ ಮತ್ತು ಎಸ್‌ವಿಜಿ ಬಂದರೆ ಫೈಲ್ ಹೆಸರು ಕೊಡುವ ಇನ್ನೊಂದು ಇದ್ದವು. ಟೆಸ್ಟ್ ಎನ್ವಿರಾನ್‌ಮೆಂಟ್ ಜೆಎಸ್‌ಡಾಮ್ (ನೋಡ್ ಒಳಗಿನ ನಕಲಿ ಬ್ರೌಸರ್) ಎಂದು ನಿಗದಿಯಾಗಿತ್ತು. ಎಸ್‌ಆರ್‌ಸಿ ಫೋಲ್ಡರ್‌ನಲ್ಲಿ ‘ಸೆಟಪ್‌ಟೆಸ್ಟ್ಸ್’ ಎಂಬ ಫೈಲ್ ಇದ್ದರೆ ಯಾರೂ ಹೇಳದೆಯೇ ಅದು ಲೋಡ್ ಆಗುತ್ತಿತ್ತು. ‘ಫೆಚ್’ಗೆ ಪಾಲಿಫಿಲ್ (ಇಲ್ಲದ ಸೌಲಭ್ಯ ತುಂಬಿಕೊಡುವ ಕೋಡ್) ಸೇರಿಸಲಾಗುತ್ತಿತ್ತು. ಬಹಳ ಜನ ಗಮನಿಸದ ಒಂದು ಸಂಗತಿಯೂ ಇದೆ: ‘ರೀಸೆಟ್‌ಮಾಕ್ಸ್’ ಎಂಬ ಆಪ್ಷನ್ ‘ಟ್ರೂ’ ಆಗಿತ್ತು. ಈ ಕೊನೆಯದು ಎರರ್ ಕೊಡುವುದಿಲ್ಲ. ಒಂದು ಟೆಸ್ಟ್‌ನ ಮಾಕ್ (ನಕಲಿ ಫಂಕ್ಷನ್) ಇನ್ನೊಂದಕ್ಕೆ ಸೋರಿ, ‘ಎರಡು ಸಲ ಕರೆಯಲಾಗಿದೆ, ಒಂದು ಸಲ ನಿರೀಕ್ಷಿಸಿತ್ತು’ ಎಂಬ ಥರದ ವಿಚಿತ್ರ ಫಲಿತಾಂಶವಾಗಿ ತಲೆ ತಿನ್ನುತ್ತದೆ.

ಇವುಗಳಲ್ಲಿ ಒಂದನ್ನೂ ಜೆಸ್ಟ್ ವೀಟ್‌ನಿಂದ ಕೇಳಿ ತಿಳಿದುಕೊಳ್ಳುವುದಿಲ್ಲ. ವೀಟ್ ಕಾನ್ಫಿಗ್‌ನಲ್ಲಿರುವ ಪ್ಲಗಿನ್, ಏಲಿಯಾಸ್ (ಪಾತ್‌ನ ಅಡ್ಡಹೆಸರು), ಎನ್ವಿರಾನ್‌ಮೆಂಟ್ ವೇರಿಯಬಲ್ ಯಾವುದೂ ಜೆಸ್ಟ್‌ಗೆ ಕಾಣುವುದಿಲ್ಲ. ಬ್ರೌಸರ್‌ನಲ್ಲಿ ಓಡುತ್ತದೆ ಎಂಬ ಮಾತಿಗೆ ಇಲ್ಲಿ ಸಾಕ್ಷಿಯ ಬೆಲೆ ಇಲ್ಲ.

ಮೊದಲು: ಯಾವ ಕಾನ್ಫಿಗ್ ಓದುತ್ತಿದೆ?

ಎರರ್ ಸರಿಪಡಿಸಲು ಹೊರಡುವ ಮೊದಲು ಟರ್ಮಿನಲ್‌ನಲ್ಲಿ ‘ಎನ್‌ಪಿಎಕ್ಸ್ ಜೆಸ್ಟ್ --ಶೋಕಾನ್ಫಿಗ್’ ಓಡಿಸಿ. ನೀವು ಬರೆದದ್ದು, ಜೆಸ್ಟ್‌ನ ಡಿಫಾಲ್ಟ್‌ಗಳು ಎಲ್ಲ ಸೇರಿ ಕೊನೆಗೆ ಏನಾಯಿತು ಎಂಬುದನ್ನು ಇದು ಪೂರ್ತಿ ಮುದ್ರಿಸುತ್ತದೆ. ಅದರಲ್ಲಿ ‘ರೂಟ್‌ಡಿರ್’, ‘ಟೆಸ್ಟ್‌ಎನ್ವಿರಾನ್‌ಮೆಂಟ್’, ‘ಟ್ರಾನ್ಸ್‌ಫಾರ್ಮ್’, ‘ಟ್ರಾನ್ಸ್‌ಫಾರ್ಮ್‌ಇಗ್ನೋರ್‌ಪ್ಯಾಟರ್ನ್ಸ್’, ‘ಮಾಡ್ಯೂಲ್‌ನೇಮ್‌ಮ್ಯಾಪರ್’, ‘ಸೆಟಪ್‌ಫೈಲ್ಸ್‌ಆಫ್ಟರ್‌ಎನ್ವ್’ ಈ ಆರನ್ನು ನೋಡಿ. ನೀವು ಬರೆದ ಆಪ್ಷನ್ ಅಲ್ಲಿ ಇಲ್ಲವೇ ಇಲ್ಲ ಎಂದಾದರೆ ಜೆಸ್ಟ್ ಬೇರೆ ಫೈಲ್ ಓದುತ್ತಿದೆ, ಇಲ್ಲವೇ ಹೆಸರು ತಪ್ಪಾಗಿದೆ. ಹೆಸರು ತಪ್ಪಿದರೆ ಜೆಸ್ಟ್ ನಿಲ್ಲುವುದಿಲ್ಲ. ‘ಅನ್‌ನೋನ್ ಆಪ್ಷನ್’ ಎಂದು ಹಳದಿ ಅಕ್ಷರದಲ್ಲಿ ಎಚ್ಚರಿಸಿ ಮುಂದೆ ಹೋಗುತ್ತದೆ. ಕೆಂಪು ಎರರ್‌ಗಳ ರಾಶಿಯಲ್ಲಿ ಆ ಹಳದಿ ಸಾಲು ಮೇಲೆ ಸರಿದು ಮರೆಯಾಗುತ್ತದೆ. ಟರ್ಮಿನಲ್‌ನ ತುದಿಯವರೆಗೆ ಸ್ಕ್ರೋಲ್ ಮಾಡಿ ಅದನ್ನು ಓದುವುದು ಅರ್ಧ ಗಂಟೆಯ ಹುಡುಕಾಟವನ್ನು ಉಳಿಸುತ್ತದೆ. ಹಳೆಯ ಲೇಖನಗಳಿಂದ ನಕಲು ಮಾಡಿದ ‘ಟೆಸ್ಟ್‌ಯುಆರ್‌ಎಲ್’ ಇಂಥದ್ದೇ. ಜೆಸ್ಟ್ 28ರಿಂದ ಅದು ‘ಟೆಸ್ಟ್‌ಎನ್ವಿರಾನ್‌ಮೆಂಟ್‌ಆಪ್ಷನ್ಸ್’ ಒಳಗಿನ ‘ಯುಆರ್‌ಎಲ್’ ಆಗಿದೆ.

ಎರಡನೆಯದು ಆವೃತ್ತಿ. ‘ಎನ್‌ಪಿಎಂ ಎಲ್ಎಸ್ ಜೆಸ್ಟ್ ಬೇಬಲ್-ಜೆಸ್ಟ್ ಜೆಸ್ಟ್-ಎನ್ವಿರಾನ್‌ಮೆಂಟ್-ಜೆಎಸ್‌ಡಾಮ್’ ಎಂದು ಕೇಳಿ. ಮೂರರಲ್ಲೂ ಆವೃತ್ತಿಯ ಮೊದಲ ಚುಕ್ಕೆಗೆ ಮುಂಚಿನ ಸಂಖ್ಯೆ ಒಂದೇ ಇರಬೇಕು. ಜೆಸ್ಟ್ 29, ಎನ್ವಿರಾನ್‌ಮೆಂಟ್ 27 ಎಂಬ ಜೋಡಣೆ ಇದ್ದರೆ ‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್’ ಎಂಬಂಥ, ನಿಮ್ಮ ಕೋಡ್‌ಗೆ ಸಂಬಂಧವೇ ಇಲ್ಲದ ಎರರ್ ಬರುತ್ತದೆ. ರಿಯಾಕ್ಟ್-ಸ್ಕ್ರಿಪ್ಟ್ಸ್ ಇನ್ನೂ ಡಿಪೆಂಡೆನ್ಸಿ ಪಟ್ಟಿಯಲ್ಲಿ ಉಳಿದಿದ್ದರೆ ಹಳೆಯ ಜೆಸ್ಟ್ 27 ಅದರ ಜೊತೆ ಬಂದೇ ಬರುತ್ತದೆ. ಅದನ್ನು ತೆಗೆದು, ನೋಡ್_ಮಾಡ್ಯೂಲ್ಸ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ.

ಮೂರನೆಯದು ವೀಟ್‌ನವರಿಗೇ ವಿಶೇಷ. ವೀಟ್ ಟೆಂಪ್ಲೇಟ್‌ನ ಪ್ಯಾಕೇಜ್.ಜೇಸನ್‌ನಲ್ಲಿ ‘ಟೈಪ್: ಮಾಡ್ಯೂಲ್’ ಎಂದಿರುತ್ತದೆ. ಹಾಗಿದ್ದಾಗ ಡಾಟ್ ಜೆಎಸ್ ಕೊನೆಯ ಪ್ರತಿ ಫೈಲನ್ನೂ ನೋಡ್ ಇಎಸ್ ಮಾಡ್ಯೂಲ್ (ಇಂಪೋರ್ಟ್, ಎಕ್ಸ್‌ಪೋರ್ಟ್ ಬಳಸುವ ರೂಪ) ಎಂದೇ ಓದುತ್ತದೆ. ‘ಮಾಡ್ಯೂಲ್.ಎಕ್ಸ್‌ಪೋರ್ಟ್ಸ್’ ಬಳಸಿದ ಹಳೆಯ ಜೆಸ್ಟ್ ಕಾನ್ಫಿಗ್ ಇಟ್ಟರೆ ‘ಮಾಡ್ಯೂಲ್ ಈಸ್ ನಾಟ್ ಡಿಫೈನ್ಡ್ ಇನ್ ಇಎಸ್ ಮಾಡ್ಯೂಲ್ ಸ್ಕೋಪ್’ ಎನ್ನುತ್ತದೆ. ಜೆಸ್ಟ್ ಕಾನ್ಫಿಗ್ ಆದರೆ ‘ಎಕ್ಸ್‌ಪೋರ್ಟ್ ಡಿಫಾಲ್ಟ್’ಗೆ ಬದಲಾಯಿಸಿದರೆ ನಡೆಯುತ್ತದೆ. ಬೇಬಲ್ ಕಾನ್ಫಿಗ್‌ಗೆ ಅದೇ ಉಪಾಯ ಮಾಡಿದರೆ ಹಳೆಯ ನೋಡ್ ಆವೃತ್ತಿಗಳಲ್ಲಿ ನಡೆಯುವುದಿಲ್ಲ. ಜೆಸ್ಟ್ ಸಾಮಾನ್ಯವಾಗಿ ಬೇಬಲ್‌ ಅನ್ನು ಸಿಂಕ್ರೊನಸ್ ಆಗಿ ಕರೆಯುತ್ತದೆ, ಇಎಸ್ ಮಾಡ್ಯೂಲ್ ರೂಪದ ಬೇಬಲ್ ಕಾನ್ಫಿಗ್ ಅಲ್ಲಿ ಅಸಿಂಕ್ರೊನಸ್ ಆಗಿ ಮಾತ್ರ ಲೋಡ್ ಆಗುತ್ತದೆ. ಎರರ್ ಕೂಡ ಅದನ್ನೇ ಹೇಳುತ್ತದೆ, ಆದರೆ ಉದ್ದವಾಗಿರುವುದರಿಂದ ಯಾರೂ ಕೊನೆಯವರೆಗೆ ಓದುವುದಿಲ್ಲ. ಫೈಲ್ ಹೆಸರನ್ನು ‘ಬೇಬಲ್.ಕಾನ್ಫಿಗ್.ಸಿಜೆಎಸ್’ ಎಂದು ಬದಲಾಯಿಸಿ, ಒಳಗೆ ‘ಮಾಡ್ಯೂಲ್.ಎಕ್ಸ್‌ಪೋರ್ಟ್ಸ್’ ಇಟ್ಟುಕೊಳ್ಳಿ. ಅಲ್ಲಿಗೆ ಮುಗಿಯಿತು.

ಟ್ರಾನ್ಸ್‌ಫಾರ್ಮ್: ಹೆಚ್ಚಿನ ಜಗಳ ಇಲ್ಲೇ

‘ಇಂಪೋರ್ಟ್ ಸ್ಟೇಟ್‌ಮೆಂಟ್’ ಎರರ್ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಎರರ್‌ನಲ್ಲಿ ಕಾಣುವ ಫೈಲ್ ಯಾರದ್ದು? ಸ್ಟ್ಯಾಕ್‌ನ ಮೊದಲ ಸಾಲಿನ ಪಾತ್ ಓದಿ. ಎಸ್‌ಆರ್‌ಸಿ ಒಳಗಿದ್ದರೆ ಒಂದು ಮದ್ದು, ನೋಡ್_ಮಾಡ್ಯೂಲ್ಸ್ ಒಳಗಿದ್ದರೆ ಇನ್ನೊಂದು. ಎರಡೂ ಕಡೆ ಸಂದೇಶ ಅಕ್ಷರಶಃ ಒಂದೇ ಆಗಿರುವುದರಿಂದ ಜನ ಒಂದರ ಪರಿಹಾರವನ್ನು ಇನ್ನೊಂದಕ್ಕೆ ಹಾಕಿ ಸಂಜೆಯವರೆಗೆ ಕೂರುತ್ತಾರೆ.

ನಿಮ್ಮದೇ ಫೈಲ್ ಆದರೆ ಬೇಬಲ್ ಓಡುತ್ತಿಲ್ಲ, ಅಥವಾ ಓಡಿದರೂ ಅದಕ್ಕೆ ಪ್ರಿಸೆಟ್ ಇಲ್ಲ. ಬೇಕಾದವು ಮೂರು: ‘ಪ್ರಿಸೆಟ್-ಎನ್ವ್’ (ಟಾರ್ಗೆಟ್ಸ್‌ನಲ್ಲಿ ನೋಡ್: ಕರೆಂಟ್), ‘ಪ್ರಿಸೆಟ್-ರಿಯಾಕ್ಟ್’ (ರನ್‌ಟೈಮ್: ಆಟೊಮ್ಯಾಟಿಕ್), ಟೈಪ್‌ಸ್ಕ್ರಿಪ್ಟ್ ಇದ್ದರೆ ‘ಪ್ರಿಸೆಟ್-ಟೈಪ್‌ಸ್ಕ್ರಿಪ್ಟ್’. ಆಟೊಮ್ಯಾಟಿಕ್ ಎಂದು ಹಾಕದೆ ಬೇಬಲ್ 7 ಬಳಸಿದರೆ ‘ರಿಯಾಕ್ಟ್ ಈಸ್ ನಾಟ್ ಡಿಫೈನ್ಡ್’ ಬರುತ್ತದೆ. ಆಗ ಪ್ರತಿ ಫೈಲ್‌ನ ಮೇಲೆ ರಿಯಾಕ್ಟ್ ಇಂಪೋರ್ಟ್ ಸೇರಿಸುತ್ತಾ ಕೂರುವ ಅಗತ್ಯವಿಲ್ಲ. ಪ್ರಿಸೆಟ್-ಎನ್ವ್‌ನಲ್ಲಿ ಎಲ್ಲಿಯಾದರೂ ‘ಮಾಡ್ಯೂಲ್ಸ್: ಫಾಲ್ಸ್’ ಎಂದಿದ್ದರೆ ತೆಗೆಯಿರಿ. ಬಂಡ್ಲರ್‌ಗಾಗಿ ಹಿಂದೆ ಹಾಕುತ್ತಿದ್ದ ಆ ಸಾಲು ಇಂಪೋರ್ಟ್‌ಗಳನ್ನು ಹಾಗೆಯೇ ಬಿಡು ಎನ್ನುತ್ತದೆ. ಜೆಸ್ಟ್‌ಗೆ ಬೇಡವಾದದ್ದು ಅದೇ.

ಇನ್ನೊಂದು ಬಲೆ. ಎಸ್‌ವಿಜಿಗೆಂದೋ ಮತ್ತೊಂದಕ್ಕೆಂದೋ ನೀವು ‘ಟ್ರಾನ್ಸ್‌ಫಾರ್ಮ್’ ಎಂಬ ಆಪ್ಷನ್ ಬರೆದ ಕ್ಷಣ, ಜೆಸ್ಟ್ ತಾನಾಗಿ ಹಾಕಿಕೊಳ್ಳುತ್ತಿದ್ದ ಬೇಬಲ್-ಜೆಸ್ಟ್ ಬಿಟ್ಟುಹೋಗುತ್ತದೆ. ನಿಮ್ಮದು ಡಿಫಾಲ್ಟ್‌ನ ಜೊತೆ ಸೇರುವುದಿಲ್ಲ, ಅದರ ಜಾಗಕ್ಕೇ ಬರುತ್ತದೆ. ಆದ್ದರಿಂದ ಜೆಎಸ್, ಜೆಎಸ್ಎಕ್ಸ್, ಟಿಎಸ್, ಟಿಎಸ್ಎಕ್ಸ್ ಫೈಲ್‌ಗಳಿಗೆ ಬೇಬಲ್-ಜೆಸ್ಟ್ ಎಂಬ ಸಾಲನ್ನೂ ಅಲ್ಲೇ ಕೈಯಾರೆ ಬರೆಯಬೇಕು. ‘ನಿನ್ನೆವರೆಗೆ ಓಡುತ್ತಿತ್ತು, ಎಸ್‌ವಿಜಿ ಸರಿ ಮಾಡಿದ ಮೇಲೆ ಎಲ್ಲವೂ ನಿಂತಿತು’ ಎಂಬ ದೂರುಗಳ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಫೈಲ್ ನೋಡ್_ಮಾಡ್ಯೂಲ್ಸ್ ಒಳಗಿದ್ದರೆ ಕಥೆ ಬೇರೆ. ಜೆಸ್ಟ್ ವೇಗಕ್ಕಾಗಿ ಆ ಫೋಲ್ಡರ್ ಅನ್ನು ಟ್ರಾನ್ಸ್‌ಫಾರ್ಮ್ ಮಾಡುವುದೇ ಇಲ್ಲ. ಲೋಡ್ಯಾಶ್-ಇಎಸ್, ಡಿ3ಯ ಈಚಿನ ಆವೃತ್ತಿಗಳಂಥ ಪ್ಯಾಕೇಜ್‌ಗಳು ಇಎಸ್ ಮಾಡ್ಯೂಲ್ ರೂಪದಲ್ಲಿ ಮಾತ್ರ ಬರುವುದರಿಂದ ಅಲ್ಲಿ ಮುಗ್ಗರಿಸುತ್ತದೆ. ಪರಿಹಾರ, ‘ಟ್ರಾನ್ಸ್‌ಫಾರ್ಮ್‌ಇಗ್ನೋರ್‌ಪ್ಯಾಟರ್ನ್ಸ್’ನಲ್ಲಿ ಇಂಥ ಒಂದು ಸಾಲು:

/ನೋಡ್_ಮಾಡ್ಯೂಲ್ಸ್/(?!(ಲೋಡ್ಯಾಶ್-ಇಎಸ್|ಡಿ3|ಡಿ3-[^/]+)/)

‘ನೋಡ್_ಮಾಡ್ಯೂಲ್ಸ್ ಒಳಗಿನದ್ದೆಲ್ಲ ಬಿಡು, ಇವುಗಳನ್ನು ಮಾತ್ರ ಬಿಡಬೇಡ’ ಎಂದು ಇದರ ತಾತ್ಪರ್ಯ. ಇದನ್ನು ಹಾಕಿದ ಮೇಲೂ ಕೆಲಸ ಆಗಲಿಲ್ಲ ಎನ್ನುವವರೇ ಜಾಸ್ತಿ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಎರಡು ಪ್ಯಾಕೇಜ್‌ಗೆ ಎರಡು ಸಾಲು ಬರೆಯುವುದು. ಪಟ್ಟಿಯಲ್ಲಿರುವ ಯಾವುದಾದರೂ ಒಂದು ಪ್ಯಾಟರ್ನ್ ಹೊಂದಿಕೊಂಡರೂ ಫೈಲ್ ಬಿಟ್ಟುಹೋಗುತ್ತದೆ. ಮೊದಲ ಸಾಲು ಲೋಡ್ಯಾಶ್ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹೊಂದುತ್ತದೆ, ಎರಡನೆಯದು ಡಿ3 ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ. ಫಲವಾಗಿ ಎರಡೂ ಪ್ಯಾಕೇಜ್ ಬಿಟ್ಟುಹೋದವು. ಎಲ್ಲ ಹೆಸರುಗಳೂ ಒಂದೇ ಸಾಲಿನಲ್ಲಿ, ನಡುವೆ ಲಂಬ ಗೆರೆ ಇಟ್ಟು ಇರಬೇಕು.

ಎರಡನೆಯದು ಬೇಬಲ್ ಕಾನ್ಫಿಗ್‌ನ ಫೈಲ್ ಹೆಸರು. ‘.ಬೇಬಲ್‌ಆರ್‌ಸಿ’ ಎಂಬ ಫೈಲ್ ಅದು ಇರುವ ಪ್ಯಾಕೇಜ್‌ನ ಗಡಿ ದಾಟುವುದಿಲ್ಲ. ಜೆಸ್ಟ್ ಡಿ3 ಫೈಲನ್ನು ಬೇಬಲ್‌ಗೆ ಕೊಟ್ಟರೂ ಬೇಬಲ್ ‘ಇದಕ್ಕೆ ನನ್ನ ಬಳಿ ಪ್ರಿಸೆಟ್ ಇಲ್ಲ’ ಎಂದು ಹಾಗೆಯೇ ವಾಪಸ್ ಕೊಡುತ್ತದೆ. ‘ಬೇಬಲ್.ಕಾನ್ಫಿಗ್’ ಎಂಬ ಹೆಸರಿನ ಫೈಲ್ ಇಡೀ ಪ್ರಾಜೆಕ್ಟ್‌ಗೆ, ನೋಡ್_ಮಾಡ್ಯೂಲ್ಸ್ ಸೇರಿ, ಅನ್ವಯಿಸುತ್ತದೆ. ಒಳಗಿನ ಒಂದಕ್ಷರವೂ ಬದಲಾಗದೆ ಬರೀ ಹೆಸರು ಬದಲಾಯಿಸಿದ್ದರಿಂದ ಸರಿಹೋಗುವ ಅಪರೂಪದ ಸಮಸ್ಯೆ ಇದು.

ಮೂರನೆಯದು ಎನ್‌ಪಿಎಂ ಬದಲು ಪಿಎನ್‌ಪಿಎಂ ಬಳಸುವವರಿಗೆ. ಅಲ್ಲಿ ಪ್ಯಾಕೇಜ್‌ನ ನಿಜವಾದ ಜಾಗ ನೋಡ್_ಮಾಡ್ಯೂಲ್ಸ್ ಒಳಗಿನ ‘.ಪಿಎನ್‌ಪಿಎಂ’ ಫೋಲ್ಡರ್. ಪಾತ್‌ನಲ್ಲಿ ನೋಡ್_ಮಾಡ್ಯೂಲ್ಸ್ ಎಂಬುದು ಎರಡು ಸಲ ಬರುತ್ತದೆ. ಮೊದಲನೆಯದರ ಮುಂದೆ ಇರುವುದು ‘.ಪಿಎನ್‌ಪಿಎಂ’, ಡಿ3 ಅಲ್ಲ. ಹಾಗಾಗಿ ಮೇಲಿನ ಪ್ಯಾಟರ್ನ್ ಅಲ್ಲೇ ಹೊಂದಿಕೊಂಡು ಫೈಲ್ ಬಿಟ್ಟುಹೋಗುತ್ತದೆ. ಪ್ಯಾಟರ್ನ್ ಅನ್ನು ‘/ನೋಡ್_ಮಾಡ್ಯೂಲ್ಸ್/.ಪಿಎನ್‌ಪಿಎಂ/(?!(ಲೋಡ್ಯಾಶ್-ಇಎಸ್|ಡಿ3[^@]*)@)’ ಎಂಬ ರೀತಿ ಬರೆಯಬೇಕು. ಅಲ್ಲಿ ಫೋಲ್ಡರ್ ಹೆಸರಿನ ನಂತರ @ ಚಿಹ್ನೆ, ಆಮೇಲೆ ಆವೃತ್ತಿ ಇರುತ್ತದೆ. ಸ್ಕೋಪ್ ಇರುವ ಪ್ಯಾಕೇಜ್ ಆದರೆ ಓರೆಗೆರೆಯ ಜಾಗದಲ್ಲಿ + ಬರುತ್ತದೆ, ಪ್ಯಾಟರ್ನ್‌ನಲ್ಲಿ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು.

ಒಂದೊಂದೇ ಹೆಸರು ಸೇರಿಸಿ ಸಾಕಾದವರು ಇಡೀ ಪಟ್ಟಿಯನ್ನು ಖಾಲಿ ಮಾಡಿ ನೋಡ್_ಮಾಡ್ಯೂಲ್ಸ್ ಪೂರ್ತಿ ಟ್ರಾನ್ಸ್‌ಫಾರ್ಮ್ ಆಗಲಿ ಎನ್ನುತ್ತಾರೆ. ಪರೀಕ್ಷೆಗೆ ಒಂದು ಸಲ ಹಾಗೆ ಮಾಡಿ ನೋಡಬಹುದು, ಎರರ್ ಹೋದರೆ ಕಾರಣ ಇದೇ ಎಂದು ಖಚಿತವಾಗುತ್ತದೆ. ಹಾಗೆಯೇ ಬಿಟ್ಟರೆ ಕ್ಯಾಶ್ ಇಲ್ಲದ ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸರ್ವರ್) ಪ್ರತಿ ಸಲವೂ ನಿಮಿಷಗಟ್ಟಲೆ ದಂಡ ತೆರಬೇಕಾಗುತ್ತದೆ.

ಈ ಎರರ್‌ಗೆ ಇನ್ನೊಂದು ಮುಖವಿದೆ. ಪ್ಯಾಕೇಜ್‌ನಲ್ಲಿ ಕಾಮನ್‌ಜೆಎಸ್ (‘ರಿಕ್ವೈರ್’ ಬಳಸುವ ಹಳೆಯ ರೂಪ) ಆವೃತ್ತಿಯೂ ಇರುತ್ತದೆ, ಆದರೂ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಎಕ್ಸ್‌ಪೋರ್ಟ್’ ಬರುತ್ತದೆ. ಜೆಸ್ಟ್ 28ರಿಂದ ಪ್ಯಾಕೇಜ್‌ನ ‘ಎಕ್ಸ್‌ಪೋರ್ಟ್ಸ್’ ವಿಭಾಗವನ್ನು ಓದುತ್ತದೆ, ಜೆಎಸ್‌ಡಾಮ್ ಎನ್ವಿರಾನ್‌ಮೆಂಟ್‌ನಲ್ಲಿ ‘ಬ್ರೌಸರ್’ ಎಂಬ ಕಂಡೀಷನ್ ಆರಿಸುತ್ತದೆ. ಆ ದಾರಿಯಲ್ಲಿ ಸಿಗುವುದು ಇಎಸ್ ಮಾಡ್ಯೂಲ್ ರೂಪದ ಫೈಲ್. ಸ್ಟ್ಯಾಕ್‌ನಲ್ಲಿ ಪಾತ್ ನಡುವೆ ‘ಬ್ರೌಸರ್’ ಎಂಬ ಪದ ಕಂಡರೆ ಇದೇ ಕಾರಣ ಎಂದುಕೊಳ್ಳಿ. ‘ಟೆಸ್ಟ್‌ಎನ್ವಿರಾನ್‌ಮೆಂಟ್‌ಆಪ್ಷನ್ಸ್’ ಒಳಗೆ ‘ಕಸ್ಟಮ್‌ಎಕ್ಸ್‌ಪೋರ್ಟ್‌ಕಂಡೀಷನ್ಸ್’ಗೆ ಖಾಲಿ ಸ್ಟ್ರಿಂಗ್ ಇರುವ ಪಟ್ಟಿ ಕೊಟ್ಟರೆ ಬ್ರೌಸರ್ ಕಂಡೀಷನ್ ಹೋಗಿ ಕಾಮನ್‌ಜೆಎಸ್ ಫೈಲ್ ಸಿಗುತ್ತದೆ. ಎಂಎಸ್‌ಡಬ್ಲ್ಯೂ 2 (ಎಪಿಐ ಕರೆಗಳಿಗೆ ನಕಲಿ ಉತ್ತರ ಕೊಡುವ ಲೈಬ್ರರಿ) ಬಳಸುವವರಿಗೂ ಇದೇ ಪರಿಹಾರ.

ಮಾಡ್ಯೂಲ್ ಸಿಗುತ್ತಿಲ್ಲ, ಸಿಎಸ್ಎಸ್ ಓದಲಾಗುತ್ತಿಲ್ಲ

‘ಕೆನಾಟ್ ಫೈಂಡ್ ಮಾಡ್ಯೂಲ್’ ಬಂದು ಅದರ ಮುಂದೆ @/ ಎಂದು ಶುರುವಾಗುವ ಪಾತ್ ಇದ್ದರೆ, ವೀಟ್‌ನ ಏಲಿಯಾಸ್ ಜೆಸ್ಟ್‌ಗೆ ಹೇಳಿಲ್ಲ ಎಂದರ್ಥ. ‘ಮಾಡ್ಯೂಲ್‌ನೇಮ್‌ಮ್ಯಾಪರ್’ನಲ್ಲಿ ^@/(.*)$ ಎಂಬುದಕ್ಕೆ <ರೂಟ್‌ಡಿರ್>/ಎಸ್‌ಆರ್‌ಸಿ/$1 ಎಂದು ಕೊಡಿ. ಮೊದಲಿನ ^ ಬಿಡಬೇಡಿ. ಅದು ಇಲ್ಲದಿದ್ದರೆ ಪ್ಯಾಟರ್ನ್ ಪಾತ್‌ನ ನಡುವೆಯೂ ಹೊಂದಿಕೊಳ್ಳುತ್ತದೆ. ‘ಯುಟಿಲ್ಸ್/(.*)’ ಎಂಬಂಥ ಏಲಿಯಾಸ್ ಬರೆದವರಿಗೆ ಯಾವುದೋ ಲೈಬ್ರರಿಯ ಒಳಗಿನ ಯುಟಿಲ್ಸ್ ಕೂಡ ನಿಮ್ಮ ಎಸ್‌ಆರ್‌ಸಿಗೆ ತಿರುಗಿ ಒಡೆಯುತ್ತದೆ.

ಸಿಎಸ್ಎಸ್‌ಗೆ \.(ಸಿಎಸ್ಎಸ್|ಎಸ್‌ಸಿಎಸ್ಎಸ್)$ ಎಂಬುದಕ್ಕೆ ‘ಐಡೆಂಟಿಟಿ-ಒಬಿಜೆ-ಪ್ರಾಕ್ಸಿ’ ಪ್ಯಾಕೇಜ್ ಜೋಡಿಸುವುದು ವಾಡಿಕೆ. ಸಿಎಸ್ಎಸ್ ಮಾಡ್ಯೂಲ್‌ನಿಂದ ಯಾವ ಕ್ಲಾಸ್ ಕೇಳಿದರೂ ಅದೇ ಹೆಸರನ್ನು ಕೊಡುತ್ತದೆ, ಸ್ನ್ಯಾಪ್‌ಶಾಟ್ ಓದಲು ಸುಲಭ. ಗಮನಿಸಬೇಕಾದದ್ದು ಕ್ರಮ. ಮ್ಯಾಪರ್ ಮೇಲಿನಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಏಲಿಯಾಸ್ ಮೇಲೆ, ಸಿಎಸ್ಎಸ್ ಕೆಳಗೆ ಇದ್ದರೆ @/ ಮೂಲಕ ಬಂದ ಸಿಎಸ್ಎಸ್ ಇಂಪೋರ್ಟ್ ಏಲಿಯಾಸ್‌ಗೇ ಸಿಕ್ಕಿ ನಿಜವಾದ ಫೈಲ್ ತೆರೆಯುತ್ತದೆ, ಮತ್ತೆ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’. ಚುಕ್ಕೆ-ಓರೆಗೆರೆಯಿಂದ ಶುರುವಾಗುವ ಇಂಪೋರ್ಟ್ ಪಾಸ್, @/ ಇರುವುದು ಫೇಲ್ ಎಂಬ ಲಕ್ಷಣ ಕಂಡರೆ ಕ್ರಮ ಬದಲಾಯಿಸಿ. ಚಿತ್ರಗಳಿಗೆ ಒಂದು ಸ್ಟ್ರಿಂಗ್ ಎಕ್ಸ್‌ಪೋರ್ಟ್ ಮಾಡುವ ಪುಟ್ಟ ಮಾಕ್ ಫೈಲ್ ಸಾಕು.

ಎನ್ವಿರಾನ್‌ಮೆಂಟ್ ಮತ್ತು ಸೆಟಪ್

‘ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್’ಗೆ ಕಾರಣ ಸರಳ. ಜೆಸ್ಟ್ 27ರಿಂದ ಡಿಫಾಲ್ಟ್ ಎನ್ವಿರಾನ್‌ಮೆಂಟ್ ಜೆಎಸ್‌ಡಾಮ್ ಅಲ್ಲ, ನೋಡ್. 28ರಿಂದ ಜೆಎಸ್‌ಡಾಮ್ ಜೆಸ್ಟ್ ಜೊತೆ ಬರುವುದೂ ಇಲ್ಲ. ‘ಜೆಸ್ಟ್-ಎನ್ವಿರಾನ್‌ಮೆಂಟ್-ಜೆಎಸ್‌ಡಾಮ್’ ಬೇರೆಯಾಗಿ ಇನ್‌ಸ್ಟಾಲ್ ಮಾಡಿ, ‘ಟೆಸ್ಟ್‌ಎನ್ವಿರಾನ್‌ಮೆಂಟ್: ಜೆಎಸ್‌ಡಾಮ್’ ಎಂದು ಬರೆಯಬೇಕು. ಬರೀ ‘ಜೆಎಸ್‌ಡಾಮ್’ ಎಂಬ ಪ್ಯಾಕೇಜ್ ಹಾಕಿದರೆ ಸಾಲದು. ಡಾಮ್ ಬೇಡದ, ಲೆಕ್ಕಾಚಾರ ಮಾತ್ರ ಮಾಡುವ ಟೆಸ್ಟ್‌ಗಳು ಬಹಳಿದ್ದರೆ ಆ ಫೈಲ್‌ಗಳ ತಲೆಯಲ್ಲಿ ‘@ಜೆಸ್ಟ್-ಎನ್ವಿರಾನ್‌ಮೆಂಟ್ ನೋಡ್’ ಎಂಬ ಕಾಮೆಂಟ್ ಬ್ಲಾಕ್ ಹಾಕಿ, ವೇಗ ಹೆಚ್ಚುತ್ತದೆ.

ಜೆಎಸ್‌ಡಾಮ್ ಬಂದ ಮೇಲೆ ಹೊಸ ‘ನಾಟ್ ಡಿಫೈನ್ಡ್’ಗಳು ಸಾಲುಗಟ್ಟುತ್ತವೆ. ‘ಫೆಚ್’ ಮತ್ತು ‘ಟೆಕ್ಸ್ಟ್‌ಎನ್‌ಕೋಡರ್’ ನೋಡ್ 18ರಲ್ಲಿ ಇದ್ದರೂ ಜೆಸ್ಟ್‌ನ ಜೆಎಸ್‌ಡಾಮ್ ಎನ್ವಿರಾನ್‌ಮೆಂಟ್ ಅವನ್ನು ಒಳಗೆ ಬಿಡುವುದಿಲ್ಲ. ‘ಜೆಸ್ಟ್-ಫಿಕ್ಸ್ಡ್-ಜೆಎಸ್‌ಡಾಮ್’ ಎಂಬ ಪ್ಯಾಕೇಜ್ ಇದಕ್ಕೆಂದೇ ಇದೆ. ‘ಮ್ಯಾಚ್‌ಮೀಡಿಯಾ’, ‘ರೀಸೈಜ್‌ಅಬ್ಸರ್ವರ್’, ‘ಇಂಟರ್‌ಸೆಕ್ಷನ್‌ಅಬ್ಸರ್ವರ್’ ಜೆಎಸ್‌ಡಾಮ್‌ನಲ್ಲಿ ಇಲ್ಲ. ಸೆಟಪ್ ಫೈಲ್‌ನಲ್ಲಿ ಮೂರ್ನಾಲ್ಕು ಸಾಲಿನ ನಕಲಿ ಕ್ಲಾಸ್ ಬರೆದುಕೊಳ್ಳಿ. ಅಗಲ, ಎತ್ತರ ಎಲ್ಲವೂ ಸೊನ್ನೆ ಬರುವುದು ಕಾನ್ಫಿಗ್ ದೋಷವಲ್ಲ, ಜೆಎಸ್‌ಡಾಮ್ ಲೇಔಟ್ ಲೆಕ್ಕ ಹಾಕುವುದೇ ಇಲ್ಲ. ಉದ್ದದ ಪಟ್ಟಿಯಲ್ಲಿ ಕಾಣುವಷ್ಟನ್ನೇ ರೆಂಡರ್ ಮಾಡುವ ಲೈಬ್ರರಿಗಳ ಟೆಸ್ಟ್‌ನಲ್ಲಿ ಒಂದೂ ಸಾಲು ಕಾಣದಿದ್ದರೆ ಕಾರಣ ಇದು. ಅಂಥವನ್ನು ನಿಜವಾದ ಬ್ರೌಸರ್‌ನಲ್ಲಿ ಓಡುವ ಟೆಸ್ಟ್‌ಗೆ ಬಿಡುವುದು ಲೇಸು.

‘ಟುಬಿಇನ್‌ದಡಾಕ್ಯುಮೆಂಟ್ ಈಸ್ ನಾಟ್ ಎ ಫಂಕ್ಷನ್’ ಬಂದರೆ ಸೆಟಪ್ ಫೈಲ್ ಓಡಿಲ್ಲ. ‘ಎಕ್ಸ್‌ಪೆಕ್ಟ್ ಈಸ್ ನಾಟ್ ಡಿಫೈನ್ಡ್’ ಎಂದು ಸೆಟಪ್ ಫೈಲ್‌ನಲ್ಲೇ ಬಂದರೆ ಅದು ತಪ್ಪು ಜಾಗದಲ್ಲಿ ಓಡಿದೆ. ‘ಸೆಟಪ್‌ಫೈಲ್ಸ್’ ಟೆಸ್ಟ್ ಚೌಕಟ್ಟು ಸಿದ್ಧವಾಗುವ ಮೊದಲು ಓಡುತ್ತದೆ, ಆಗ ಎಕ್ಸ್‌ಪೆಕ್ಟ್ ಇರುವುದಿಲ್ಲ. ಪಾಲಿಫಿಲ್‌ಗಳನ್ನು ಅಲ್ಲಿಡಿ. ‘ಟೆಸ್ಟಿಂಗ್-ಲೈಬ್ರರಿ/ಜೆಸ್ಟ್-ಡಾಮ್’ ಇಂಪೋರ್ಟ್ ‘ಸೆಟಪ್‌ಫೈಲ್ಸ್‌ಆಫ್ಟರ್‌ಎನ್ವ್’ನಲ್ಲಿ ಇರಬೇಕು. ಜೆಸ್ಟ್-ಡಾಮ್ 6ರಲ್ಲಿ ಹಳೆಯ ‘ಎಕ್ಸ್‌ಟೆಂಡ್-ಎಕ್ಸ್‌ಪೆಕ್ಟ್’ ಪಾತ್ ಇಲ್ಲ, ಪ್ಯಾಕೇಜ್ ಹೆಸರಷ್ಟನ್ನೇ ಇಂಪೋರ್ಟ್ ಮಾಡಿ. ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ 16ಕ್ಕೆ ಹೋಗಿದ್ದರೆ ‘ಟೆಸ್ಟಿಂಗ್-ಲೈಬ್ರರಿ/ಡಾಮ್’ ಕೂಡ ನೀವೇ ಇನ್‌ಸ್ಟಾಲ್ ಮಾಡಬೇಕು.

‘ಡಿಸ್ಕ್ರೈಬ್’ ಸಿಗುತ್ತಿಲ್ಲ ಎಂಬ ದೂರು ಮೂರು ಕಡೆಯಿಂದ ಬರಬಹುದು. ಎಡಿಟರ್‌ನಲ್ಲಿ ಕೆಂಪು ಗೆರೆ ಬಿದ್ದು ಟೆಸ್ಟ್ ಪಾಸ್ ಆಗುತ್ತಿದ್ದರೆ ಅದು ಟೈಪ್‌ಸ್ಕ್ರಿಪ್ಟ್ ಅಥವಾ ಇಎಸ್‌ಲಿಂಟ್‌ನ ಮಾತು: ಮೊದಲನೆಯದಕ್ಕೆ ಜೆಸ್ಟ್‌ನ ಟೈಪ್ಸ್ ಪ್ಯಾಕೇಜ್, ಎರಡನೆಯದಕ್ಕೆ ಗ್ಲೋಬಲ್ಸ್ ಸೆಟ್ಟಿಂಗ್. ಟೆಸ್ಟ್ ಓಡಿಸಿದಾಗ ಟರ್ಮಿನಲ್‌ನಲ್ಲೇ ಬಂದರೆ ಮಾತ್ರ ರನ್ನರ್‌ನ ಕಾನ್ಫಿಗ್ ಮುಟ್ಟಿ.

ಇಂಪೋರ್ಟ್.ಮೆಟಾ: ಇಲ್ಲಿ ತೀರ್ಮಾನ ಬೇಕು

ಬೇಬಲ್ ‘ಇಂಪೋರ್ಟ್’ ಅನ್ನು ‘ರಿಕ್ವೈರ್’ ಆಗಿ ಬದಲಿಸುತ್ತದೆ, ಆದರೆ ‘ಇಂಪೋರ್ಟ್.ಮೆಟಾ’ಗೆ ಕಾಮನ್‌ಜೆಎಸ್‌ನಲ್ಲಿ ಸಮನಾದದ್ದು ಇಲ್ಲ. ಹಾಗಾಗಿ ಅದನ್ನು ಮುಟ್ಟದೆ ಬಿಡುತ್ತದೆ, ಓಡಿಸುವಾಗ ನೋಡ್ ತಿರಸ್ಕರಿಸುತ್ತದೆ. ಉಳಿದ ಎರರ್‌ಗಳು ಹೇಳಲು ಮರೆತ ಸೆಟ್ಟಿಂಗ್‌ಗಳಿಂದ ಬಂದವು, ಇದು ಎರಡು ಸಾಧನಗಳ ನಡುವಿನ ನಿಜವಾದ ಬಿರುಕು.

ಜೆಸ್ಟ್‌ನಲ್ಲೇ ಉಳಿಯುವುದಾದರೆ ‘ಇಂಪೋರ್ಟ್.ಮೆಟಾ.ಎನ್ವ್’ ಓದುವ ಕೆಲಸವನ್ನೆಲ್ಲ ಒಂದೇ ಫೈಲ್‌ಗೆ ತನ್ನಿ. ಉಳಿದ ಕೋಡ್ ಆ ಫೈಲ್‌ನಿಂದ ಮಾತ್ರ ಬೆಲೆಗಳನ್ನು ತೆಗೆದುಕೊಳ್ಳಲಿ, ಟೆಸ್ಟ್‌ನಲ್ಲಿ ಮಾಡ್ಯೂಲ್‌ನೇಮ್‌ಮ್ಯಾಪರ್ ಮೂಲಕ ಅದರ ಬದಲು ನಕಲಿ ಫೈಲ್ ಕೊಡಿ. ಇದನ್ನು ಬದಲಿಸಿಕೊಡುವ ಬೇಬಲ್ ಪ್ಲಗಿನ್‌ಗಳೂ ಇವೆ (‘ಬೇಬಲ್-ಪ್ಲಗಿನ್-ಟ್ರಾನ್ಸ್‌ಫಾರ್ಮ್-ವೀಟ್-ಮೆಟಾ-ಎನ್ವ್’ ಒಂದು), ಆದರೆ ಒಂದೇ ಫೈಲ್‌ಗೆ ತರುವುದು ಹೆಚ್ಚು ಸ್ವಚ್ಛ.

ನಿಮ್ಮ ಸ್ಥಿತಿಯಲ್ಲಿ ನನ್ನ ಸಲಹೆ ಬೇರೆ: ವೀಟ್ ಮೇಲೆಯೇ ಕಟ್ಟಿದ ಟೆಸ್ಟ್ ಸಾಧನ ವೀಟೆಸ್ಟ್‌ಗೆ ಹೋಗಿ. ಇಲ್ಲಿಯವರೆಗೆ ಹೇಳಿದ ಬೇಬಲ್ ಕಾನ್ಫಿಗ್, ಏಲಿಯಾಸ್ ನಕಲು, ಸಿಎಸ್ಎಸ್ ಮ್ಯಾಪಿಂಗ್, ಇಂಪೋರ್ಟ್.ಮೆಟಾ ಎಲ್ಲವೂ ಅಲ್ಲಿ ಬೇಡವಾಗುತ್ತವೆ, ಏಕೆಂದರೆ ಅದು ವೀಟ್‌ನ ಕಾನ್ಫಿಗ್ ಅನ್ನೇ ಓದುತ್ತದೆ. ಹಲವು ಪ್ರಾಜೆಕ್ಟ್‌ಗಳು ಒಂದೇ ಜೆಸ್ಟ್ ಪ್ರಿಸೆಟ್ ಹಂಚಿಕೊಳ್ಳುವ ಮಾನೊರೆಪೊ ಆಗಿದ್ದರೆ ಮಾತ್ರ ಜೆಸ್ಟ್ ಹಿಡಿದುಕೊಳ್ಳಲು ಕಾರಣವಿದೆ. ಎರಡನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ‘ಸದ್ಯಕ್ಕೆ’ ಎಂದು ಇಟ್ಟುಕೊಳ್ಳಬೇಡಿ. ಗ್ಲೋಬಲ್ ಟೈಪ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಹೋದ ಮೇಲೆ ಎದುರಾಗುವವು ಇಷ್ಟು. ವೀಟೆಸ್ಟ್ 1ಕ್ಕೆ ಕನಿಷ್ಠ ವೀಟ್ 5, ನೋಡ್ 18 ಬೇಕು. ‘ಟೆಸ್ಟ್’ ವಿಭಾಗ ಬರೆಯುವ ಫೈಲ್‌ನಲ್ಲಿ ‘ಡಿಫೈನ್‌ಕಾನ್ಫಿಗ್’ ಅನ್ನು ‘ವೀಟೆಸ್ಟ್/ಕಾನ್ಫಿಗ್’ನಿಂದ ಇಂಪೋರ್ಟ್ ಮಾಡಿ, ಇಲ್ಲದಿದ್ದರೆ ಟೈಪ್‌ಸ್ಕ್ರಿಪ್ಟ್ ಆ ವಿಭಾಗವನ್ನೇ ಒಪ್ಪುವುದಿಲ್ಲ. ಬೇರೆಯಾಗಿ ವೀಟೆಸ್ಟ್ ಕಾನ್ಫಿಗ್ ಫೈಲ್ ಮಾಡಿದರೆ ವೀಟ್ ಕಾನ್ಫಿಗ್ ಫೈಲನ್ನು ಅದು ಓದುವುದೇ ಇಲ್ಲ, ಪ್ಲಗಿನ್ ಮತ್ತು ಏಲಿಯಾಸ್ ಎರಡೂ ಮಾಯ. ಒಂದೇ ಫೈಲ್‌ನಲ್ಲಿಡಿ, ಅಥವಾ ‘ಮರ್ಜ್‌ಕಾನ್ಫಿಗ್’ ಬಳಸಿ. ಇಲ್ಲಿಯೂ ಎನ್ವಿರಾನ್‌ಮೆಂಟ್ ಡಿಫಾಲ್ಟ್ ನೋಡ್ ಆದ್ದರಿಂದ ‘ಜೆಎಸ್‌ಡಾಮ್’ ಇನ್‌ಸ್ಟಾಲ್ ಮಾಡಿ ಹೆಸರು ಬರೆಯಬೇಕು, ಇಲ್ಲಿ ಬರೀ ಜೆಎಸ್‌ಡಾಮ್ ಪ್ಯಾಕೇಜ್ ಸಾಕು. ಜೆಸ್ಟ್-ಡಾಮ್ ಅನ್ನು ‘ಜೆಸ್ಟ್-ಡಾಮ್/ವೀಟೆಸ್ಟ್’ ಪಾತ್‌ನಿಂದ ತನ್ನಿ.

‘ಗ್ಲೋಬಲ್ಸ್’ ಡಿಫಾಲ್ಟ್ ಆಗಿ ಆಫ್. ಆನ್ ಮಾಡದೆ ಪ್ರತಿ ಫೈಲ್‌ನಲ್ಲಿ ಇಂಪೋರ್ಟ್ ಮಾಡುವುದು ಒಳ್ಳೆಯ ಶಿಸ್ತೇ, ಆದರೆ ಅದಕ್ಕೊಂದು ಅಡ್ಡ ಪರಿಣಾಮ ಇದೆ. ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ ಪ್ರತಿ ಟೆಸ್ಟ್ ನಂತರ ಡಾಮ್ ತೊಳೆಯಲು ಗ್ಲೋಬಲ್ ‘ಆಫ್ಟರ್‌ಈಚ್’ ಹುಡುಕುತ್ತದೆ. ಅದು ಸಿಗದಿದ್ದರೆ ಮೌನವಾಗಿ ಸುಮ್ಮನಾಗುತ್ತದೆ. ಮೊದಲ ಟೆಸ್ಟ್ ಪಾಸ್, ಎರಡನೆಯದರಲ್ಲಿ ‘ಫೌಂಡ್ ಮಲ್ಟಿಪಲ್ ಎಲಿಮೆಂಟ್ಸ್’ ಎಂದರೆ ಇದೇ. ಸೆಟಪ್ ಫೈಲ್‌ನಲ್ಲಿ ಆಫ್ಟರ್‌ಈಚ್ ಒಳಗೆ ‘ಕ್ಲೀನಪ್’ ಕರೆಯಿರಿ.

ಮಾಕ್‌ಗಳಲ್ಲಿ ‘ಜೆಸ್ಟ್’ ಎಂಬಲ್ಲೆಲ್ಲ ‘ವಿಐ’ ಎಂದು ಫೈಂಡ್-ರಿಪ್ಲೇಸ್ ಮಾಡಿದರೆ ಮುಕ್ಕಾಲು ಭಾಗ ಮುಗಿಯುತ್ತದೆ. ಉಳಿದ ಕಾಲು ಭಾಗ: ಫ್ಯಾಕ್ಟರಿ ಫಂಕ್ಷನ್ ಡಿಫಾಲ್ಟ್ ಎಕ್ಸ್‌ಪೋರ್ಟ್ ಅನ್ನು ‘ಡಿಫಾಲ್ಟ್’ ಎಂಬ ಕೀ ಒಳಗೆ ಕೊಡಬೇಕು. ‘ರಿಕ್ವೈರ್‌ಆ್ಯಕ್ಚುವಲ್’ ಬದಲು ‘ಇಂಪೋರ್ಟ್‌ಆ್ಯಕ್ಚುವಲ್’, ಅದಕ್ಕೆ ಅವೇಟ್ ಬೇಕು. ಮಾಕ್ ಕರೆ ಫೈಲ್‌ನ ತುದಿಗೆ ಏರುವುದರಿಂದ ಹೊರಗಿನ ವೇರಿಯಬಲ್ ಬೇಕಿದ್ದರೆ ‘ವಿಐ.ಹಾಯ್ಸ್ಟೆಡ್’ ಒಳಗೆ ಮಾಡಿಕೊಳ್ಳಬೇಕು, ಹೆಸರು ‘ಮಾಕ್’ ಎಂದು ಶುರುವಾದರೆ ಜೆಸ್ಟ್ ಕೊಡುತ್ತಿದ್ದ ರಿಯಾಯಿತಿ ಇಲ್ಲಿಲ್ಲ. ರೂಟ್‌ನ ‘__ಮಾಕ್ಸ್__’ ಫೋಲ್ಡರ್‌ನಲ್ಲಿರುವುದು ತಾನಾಗಿ ಲೋಡ್ ಆಗುವುದಿಲ್ಲ, ಕರೆಯಬೇಕು. ರೀಸೆಟ್‌ಮಾಕ್ಸ್ ನೆಚ್ಚಿಕೊಂಡಿದ್ದ ಟೆಸ್ಟ್‌ಗಳಿಗೆ ‘ಮಾಕ್‌ರೀಸೆಟ್: ಟ್ರೂ’ ಹಾಕಿ. ಜೆಸ್ಟ್‌ನಲ್ಲಿ ರೀಸೆಟ್ ಆದ ಮಾಕ್ ‘ಅನ್‌ಡಿಫೈನ್ಡ್’ ಕೊಟ್ಟರೆ, ವೀಟೆಸ್ಟ್‌ನ ಈಚಿನ ಆವೃತ್ತಿಗಳಲ್ಲಿ ಅದು ಮಾಕ್ ಸೃಷ್ಟಿಸುವಾಗ ಕೊಟ್ಟ ಮೂಲ ಫಂಕ್ಷನ್‌ಗೆ ಮರಳುತ್ತದೆ.

ನೋಡ್_ಮಾಡ್ಯೂಲ್ಸ್ ಒಳಗಿನ ಯುಐ ಲೈಬ್ರರಿ ತನ್ನದೇ ಸಿಎಸ್ಎಸ್ ಇಂಪೋರ್ಟ್ ಮಾಡಿದರೆ ‘ಅನ್‌ನೋನ್ ಫೈಲ್ ಎಕ್ಸ್‌ಟೆನ್ಷನ್’ ಬರುತ್ತದೆ. ವೀಟೆಸ್ಟ್ ಪ್ಯಾಕೇಜ್‌ಗಳನ್ನು ನೇರವಾಗಿ ನೋಡ್‌ಗೆ ಬಿಡುವುದೇ ಕಾರಣ. ಆ ಪ್ಯಾಕೇಜ್ ಹೆಸರನ್ನು ‘ಸರ್ವರ್.ಡೆಪ್ಸ್.ಇನ್‌ಲೈನ್’ಗೆ ಸೇರಿಸಿ. ಇ2ಇ ಫೋಲ್ಡರ್‌ನ ಪ್ಲೇರೈಟ್ (ನಿಜವಾದ ಬ್ರೌಸರ್‌ನಲ್ಲಿ ಓಡುವ ಟೆಸ್ಟ್) ಫೈಲ್‌ಗಳೂ ‘.ಸ್ಪೆಕ್’ ಎಂದು ಮುಗಿಯುವುದರಿಂದ ಇಲ್ಲಿ ಸಿಕ್ಕಿಬೀಳುತ್ತವೆ. ‘ಇನ್‌ಕ್ಲೂಡ್’ ಅನ್ನು ಎಸ್‌ಆರ್‌ಸಿಗೆ ಸೀಮಿತಗೊಳಿಸಿ.

ನಿಮ್ಮ ಯಂತ್ರದಲ್ಲಿ ಪಾಸ್ ಆಗಿ ಸಿಐನಲ್ಲಿ ‘ಕೆನಾಟ್ ಫೈಂಡ್ ಮಾಡ್ಯೂಲ್’ ಅಥವಾ ‘ಫೇಲ್ಡ್ ಟು ರಿಸಾಲ್ವ್ ಇಂಪೋರ್ಟ್’ ಬಂದರೆ ಕಾನ್ಫಿಗ್ ಮುಟ್ಟಬೇಡಿ. ಮೊದಲು ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ಮ್ಯಾಕ್ ಮತ್ತು ವಿಂಡೋಸ್ ಸಾಮಾನ್ಯವಾಗಿ ಆ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಬರೀ ಅಕ್ಷರದ ಗಾತ್ರ ಬದಲಾಯಿಸಿದ್ದನ್ನು ಗಿಟ್ ಕೂಡ ಅಲ್ಲಿ ಗುರುತಿಸದೆ ಇರಬಹುದು, ಆದ್ದರಿಂದ ‘ಗಿಟ್ ಎಂವಿ’ ಮೂಲಕವೇ ಹೆಸರು ಬದಲಾಯಿಸಿ ಕಮಿಟ್ ಮಾಡಿ.